ಅರಬ್ಬಿ ಮೇಷ್ಟ್ರ ದವಡೆ

ಸಾವಿನ ಮನೆಗೆ ಹೋದರೆ ತೀರಿಕೊಂಡವರ ಬಗ್ಗೆ ಒಂದೆರಡು ಒಳ್ಳೆಯ ಮಾತಾಡಬೇಕು, ಅಷ್ಟು ನನಗೂ ಗೊತ್ತು. ಮೇಷ್ಟ್ರು ಹೋದ ಸುದ್ದಿ ಕೇಳಿ ನರಸಿಂಹರಾಜಪುರದ ಅವರ ಮನೆಗೆ ಹೊರಟವಳು, ಏನು ಹೇಳಬೇಕು ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಶಿಸ್ತಿನ ಮನುಷ್ಯ, ಎಷ್ಟೋ ಜನರಿಗೆ ದಾರಿ ತೋರಿಸಿದವರು, ಇತ್ಯಾದಿ. ಒಳಗೆ ಹೋಗಿ ಅವರ ಹೆಂಡತಿಯ ಕೈ ಹಿಡಿದುಕೊಂಡೆ ನೋಡಿ, ಜೋಡಿಸಿಟ್ಟದ್ದೆಲ್ಲ ಮರೆತುಹೋಯಿತು. "ಎಂಥ ದವಡೆ ಇತ್ತು ಅವರದ್ದು!" ಎಂದುಬಿಟ್ಟೆ.

ಸುತ್ತ ಕೂತಿದ್ದ ಹೆಂಗಸರೆಲ್ಲ ನನ್ನ ಮುಖ ನೋಡಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರ ಹೆಂಡತಿ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡು, "ಹೌದು ಡಾಕ್ಟ್ರಮ್ಮ, ದವಡೆ ಇತ್ತು. ಮನೆಗೆ ಮೊದಲು ದವಡೆ ಬರ್ತಿತ್ತು, ಆಮೇಲೆ ಅವರು," ಎಂದರು. ಹೇಳಿ ನಕ್ಕರು, ನಕ್ಕು ಮತ್ತೆ ಅತ್ತರು. ಆಮೇಲೆ ನನಗೂ ತಡೆಯಲಿಲ್ಲ.

ಹೆಸರು ಬರೆಯುವುದಿಲ್ಲ. ಅದು ಅವರ ಹೆಂಡತಿಯ ಕರಾರು. "ಹೆಸರು ಹಾಕಿದ್ರೆ ಗಲ್ಫಿನಲ್ಲಿರೋ ಶಿಷ್ಯರೆಲ್ಲ ಫೋನ್ ಮಾಡಿ ನನ್ನ ತಲೆ ತಿಂತಾರೆ. ದವಡೆ ಬಗ್ಗೆ ಎಷ್ಟು ಬೇಕಾದ್ರೂ ಬರೀರಿ," ಎಂದಿದ್ದಾರೆ. ಹಾಗಾಗಿ ಮೇಷ್ಟ್ರು, ಅಷ್ಟೇ. ಊರಿನಲ್ಲಿ ಎಲ್ಲರೂ ಕರೆಯುತ್ತಿದ್ದದ್ದೂ ಹಾಗೆಯೇ.

ನಾನು ಹಲ್ಲಿನ ಡಾಕ್ಟರು. ತವರು ಶೃಂಗೇರಿ, ಗಂಡನ ಮನೆ ಕೊಪ್ಪ, ಕ್ಲಿನಿಕ್ಕು ನರಸಿಂಹರಾಜಪುರದಲ್ಲಿ. ಕೊಪ್ಪದಲ್ಲಿ ಆಗಲೇ ಹಲ್ಲಿನ ಡಾಕ್ಟರು ಇದ್ದರು. ಶೃಂಗೇರಿಯಲ್ಲಿ ನಾನು ಲಂಗ ಹಾಕುತ್ತಿದ್ದಾಗಿನಿಂದ ನೋಡಿದವರೇ ಎಲ್ಲ, ನನ್ನೆದುರು ಬಾಯಿ ತೆರೆದು ಕೂರಲು ಒಬ್ಬರೂ ತಯಾರಿರಲಿಲ್ಲ. ಆದ್ದರಿಂದ ದಿನಾ ಬೆಳಿಗ್ಗೆ ಬಸ್ಸು ಹತ್ತುವುದು. ಎರಡು ಸಾವಿರನೇ ಇಸವಿ ದಾಟಿದ ಹೊಸತು. ಕ್ಲಿನಿಕ್ಕಿನಲ್ಲಿ ಸಹಾಯಕ್ಕೆ ಲಲಿತಕ್ಕ ಇದ್ದರು. ಅವರಿಗೆ ರಕ್ತ ಕಂಡರೆ ಆಗುತ್ತಿರಲಿಲ್ಲ. ನಾನು ಹಲ್ಲು ಕೀಳುವಾಗ ಅವರು ಗೋಡೆ ಕಡೆ ತಿರುಗಿ ನಿಂತು, ಕೈ ಹಿಂದಕ್ಕೆ ಚಾಚಿ ಉಪಕರಣ ಕೊಡುತ್ತಿದ್ದರು. ಇಕ್ಕಳ ಕೇಳಿದರೆ ಒಮ್ಮೊಮ್ಮೆ ಟೀ ಚಮಚ ಬರುತ್ತಿತ್ತು.

ಒಂದು ವರ್ಷ ದಸರಾ ಕಳೆದ ಮೇಲೆ ಒಂದು ವಿಚಿತ್ರ ಶುರುವಾಯಿತು. ಕಲ್ಲು ಕಡಿದು ಅರಗಿಸಿಕೊಳ್ಳುವ ವಯಸ್ಸಿನ ಹುಡುಗರು, ಹುಡುಗಿಯರು, ಒಬ್ಬರ ಹಿಂದೊಬ್ಬರು ಕಿವಿಯ ಕೆಳಗೆ ಕೈ ಹಿಡಿದುಕೊಂಡು ಬರತೊಡಗಿದರು. ಹಲ್ಲು ನೋಡಿದರೆ ಮುತ್ತಿನ ಹಾಗಿವೆ. ಬಾಯಿ ತೆರೆಸಿದರೆ ದವಡೆಯ ಕೀಲು 'ಟಕ್' ಅನ್ನುತ್ತದೆ. ಎಲ್ಲರದ್ದೂ ಒಂದೇ ನೋವು, ಒಂದೇ ಟಕ್. ಗಟ್ಟಿ ಅಡಿಕೆ ಅಗಿಯುತ್ತಾರೆ ಅಂದುಕೊಂಡೆ, ಅಗಿಯುವುದಿಲ್ಲ ಎಂದರು. ಭದ್ರಾ ಹಿನ್ನೀರಿನಲ್ಲಿ ಏನೋ ಸೇರಿದೆ ಅಂದುಕೊಂಡು ಕೆಲವು ವಾರ ಕೊಪ್ಪದಿಂದಲೇ ಕುಡಿಯುವ ನೀರು ಹೊತ್ತು ತಂದೆ. "ಗಾಳಿ ಇರಬೇಕು ಮಾರಾಯ್ರೆ," ಎಂದು ಲಲಿತಕ್ಕ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡೇ ಕಸ ಗುಡಿಸಿದರು. ಹೊಸ ರೋಗ ಕಂಡುಹಿಡಿದೆ ಎಂಬ ಗುಮಾನಿಯಲ್ಲಿ ನಾನು ಒಳಗೊಳಗೇ ಸ್ವಲ್ಪ ಹಿಗ್ಗಿದ್ದೂ ಹೌದು.

ಕೊನೆಗೆ ಎ.ಸಿ. ರಿಪೇರಿ ಕಲಿತ ಒಬ್ಬ ಹುಡುಗನನ್ನು ಕುರ್ಚಿಯಲ್ಲಿ ಕೂರಿಸಿ ಗದರಿಸಿದೆ. "ಬಾಯಲ್ಲಿ ಎಂತ ಕೆಲಸ ಮಾಡ್ತೀಯೋ ನೀನು?"

"ಅರಬ್ಬಿ ಮೇಡಂ."

"ಅದೆಂತದು? ತಿನ್ನೋದಾ?"

"ಅಲ್ಲ ಮೇಡಂ, ಮಾತಾಡೋದು." ಎಂದವನೇ ನೆಟ್ಟಗೆ ಕೂತು, ಕೆಳದವಡೆಯನ್ನು ಮೇಜಿನ ಡ್ರಾಯರು ಎಳೆದಂತೆ ಮುಂದಕ್ಕೆ ಎಳೆದು, ನಾಲ್ಕು ವಾಕ್ಯ ಮಾತಾಡಿದ. ಮಾತು ಮುಗಿದ ಮೇಲೆ ಡ್ರಾಯರು ಒಳಗೆ ಹೋಯಿತು. ಟಕ್.

ಆ ಸಂಜೆಯೇ ನಾನು ಅವನು ಪಾಠಕ್ಕೆ ಹೋಗುತ್ತಿದ್ದ ಹಾರ್ಡ್‌ವೇರ್ ಅಂಗಡಿಯ ಮಹಡಿ ಹತ್ತಿದೆ. ಬಾಗಿಲ ಮೇಲೆ 'ಸ್ಪೋಕನ್ ಅರೇಬಿಕ್' ಎಂದು ಹೊಸ ಬೋರ್ಡು. ಇದು ಮದರಸ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಮದರಸದ ಗುರುಗಳ ಉಚ್ಚಾರ ಶುದ್ಧವಾದದ್ದು, ಅವರ ಸುದ್ದಿಗೆ ನಾನು ಹೋಗುವುದಿಲ್ಲ. ಇದು ಗಲ್ಫಿಗೆ ಕೆಲಸಕ್ಕೆ ಹೊರಟ ಡ್ರೈವರು, ಪ್ಲಂಬರು, ನರ್ಸುಗಳಿಗೆ ಹೇಳಿಕೊಡುವ ಅಡುಗೆಮನೆ ಅರಬ್ಬಿ. ಮೇಷ್ಟ್ರು ಅಲ್ಲಿ ಒಂದು ದೊಡ್ಡ ಮನೆಯಲ್ಲಿ ಅಡುಗೆಯವರಾಗಿದ್ದು ವಾಪಸು ಬಂದವರು. ಒಳಗೆ ಇಣುಕಿದರೆ ಎರಡು ಬೆಂಚಿನ ತುಂಬ ಜನ, ಎಲ್ಲರ ದವಡೆಯೂ ಮುಂದೆ. ಕೈಯಿಂದ ಕೈಗೆ ಒಂದು ಗಡ್ಡ ಹೆರೆಯುವ ಕನ್ನಡಿ ಹೋಗುತ್ತಿದೆ. ಎದುರಿಗೆ ಬಿಳಿ ಜುಬ್ಬ ತೊಟ್ಟ, ಕಡ್ಡಿಯಂಥ ಮನುಷ್ಯ. ಆ ಮೈಗೆ ಆ ದವಡೆ ಬೇರೆ ಯಾರದ್ದೋ ಅಳತೆಯಲ್ಲಿ ಮಾಡಿಸಿದ್ದು ಎನ್ನುವ ಹಾಗಿತ್ತು.

"ಕಿವಿ ನಂಬಬೇಡಿ!" ಎಂದು ಅವರು ಕೂಗುತ್ತಿದ್ದರು. "ಕಿವಿ ಮೋಸ ಮಾಡ್ತದೆ. ಬಾಯಿ ನೋಡಿ. ನನ್ನ ಬಾಯಿ ನೋಡಿ, ಕನ್ನಡಿಯಲ್ಲಿ ನಿಮ್ಮ ಬಾಯಿ ನೋಡಿ. ಎರಡೂ ಒಂದೇ ಆದಾಗ ಅರಬ್ಬಿ ತಾನಾಗಿ ಬತ್ತದೆ!"

ರೋಗದ ಮೂಲ ಸಿಕ್ಕಿತು. ಅವರು ಅರಬ್ಬಿ ಕಲಿತದ್ದೇ ಹಾಗಂತೆ. ಕೆಲಸಕ್ಕಿದ್ದ ಮನೆಯ ಅಜ್ಜಿಯ ಬಾಯಿ ನೋಡಿ ನೋಡಿ. ಅದೇ ಪಾಠಕ್ರಮವನ್ನು ಇಲ್ಲಿ ತಂದು ಇಟ್ಟಿದ್ದರು. ಅಜ್ಜಿಯ ದವಡೆ ನೆಟ್ಟಗಿತ್ತು, ಇವರದ್ದು ನೆಟ್ಟಗಿರಲಿಲ್ಲ ಎಂಬ ಸಣ್ಣ ವ್ಯತ್ಯಾಸವನ್ನು ಮಾತ್ರ ಲೆಕ್ಕಕ್ಕೆ ತಗೊಂಡಿರಲಿಲ್ಲ.

"ಮೇಷ್ಟ್ರೇ, ನಿಮ್ಮ ಕೆಳದವಡೆ ಮುಂದೆ ಬಂದಿದೆ. ಮಕ್ಕಳು ಅದನ್ನೇ ನಕಲು ಮಾಡ್ತಾ ಇದ್ದಾರೆ," ಎಂದೆ.

ಅವರು ನನ್ನನ್ನು ಬೆಳಕಿಗೆ ನಿಲ್ಲಿಸಿ, ಬಲಗಡೆಯಿಂದ ಒಮ್ಮೆ ಎಡಗಡೆಯಿಂದ ಒಮ್ಮೆ ನೋಡಿದರು. "ನನ್ನದು ಮುಂದೆ ಬಂದದ್ದಲ್ಲ ಡಾಕ್ಟ್ರಮ್ಮ. ನಿಮ್ಮದು ಹಿಂದೆ ಹೋದದ್ದು. ಈ ಊರಲ್ಲಿ ಎಲ್ಲರದ್ದೂ ಹಿಂದೆಯೇ ಉಂಟು. ಪಾಪ, ನೀವು ಎಂತ ಮಾಡ್ತೀರಿ," ಎಂದರು. ಬೆಂಚಿನವರೆಲ್ಲ ನನ್ನ ಗಲ್ಲ ನೋಡಿ ಮರುಕಪಟ್ಟರು. ಮನೆಗೆ ಬಂದು ಕನ್ನಡಿ ಮುಂದೆ ನಿಂತಾಗ ನನಗೂ ಒಂದು ಕ್ಷಣ ಅನುಮಾನ ಬಂತು ಎಂದರೆ ನೋಡಿ.

ಅಲ್ಲಿಂದ ನಮ್ಮ ಜಗಳ ಶುರುವಾಯಿತು, ಜಗಳದಿಂದಲೇ ಸ್ನೇಹವೂ. ದಿನಾ ಪಾಠಕ್ಕೆ ಮೊದಲು ಕ್ಲಿನಿಕ್ಕಿಗೆ ಬಂದು ಬೆಂಚಿನ ತುದಿಯಲ್ಲಿ ಕೂರುವರು. ಲಲಿತಕ್ಕ ಟೀ ಕೊಟ್ಟರೆ ಕುಡಿದು, "ಸಕ್ಕರೆ ಕಡಿಮೆ, ಸೊಪ್ಪು ಜಾಸ್ತಿ, ಮನಸ್ಸು ಒಳ್ಳೇದು," ಎಂದು ತೀರ್ಪು ಕೊಡುವರು. ಬರೆಯಲು ಸೀಮೆಸುಣ್ಣ ಇಡಲು ಅವರಿಗೆ ಜೇಬು ಬೇಕಿರಲಿಲ್ಲ, ಕೆಳಹಲ್ಲಿಗೂ ಮೇಲ್ತುಟಿಗೂ ನಡುವೆ ಸಿಕ್ಕಿಸಿಕೊಳ್ಳುತ್ತಿದ್ದರು. ಹೊತ್ತನ್ನು ಅಳೆಯುತ್ತಿದ್ದದ್ದು ಅನ್ನದಲ್ಲಿ. "ಬಸ್ಸು ಬರೋಕೆ ಒಂದು ಅನ್ನ ಬೇಯೋವಷ್ಟು ಹೊತ್ತು ಉಂಟು," ಎನ್ನುವರು. ತುಂತುರು ಶುರುವಾದರೆ ಊರಿಗೆಲ್ಲ ಮೊದಲು ತಮಗೇ ಗೊತ್ತಾಗುವುದು ಎಂದು ಹೆಮ್ಮೆಪಡುತ್ತಿದ್ದರು, ಮೊದಲ ಹನಿ ಬೀಳುವುದೇ ಕೆಳತುಟಿಯ ಮೇಲಂತೆ. ಒಂದು ಸಲ ಹನಿ ಬಿತ್ತು ಎಂದು ಇಡೀ ಬೀದಿಯವರು ಒಣಹಾಕಿದ ಬಟ್ಟೆ ಒಳಗೆ ತೆಗೆದ ಮೇಲೆ, ಮೇಲಿನ ಮಹಡಿಯಲ್ಲಿ ಯಾರೋ ಕೈ ತೊಳೆದದ್ದು ಎಂದು ಗೊತ್ತಾಯಿತು.

ದವಡೆಗೂ ಅರಬ್ಬಿಗೂ ಎಂತ ಸಂಬಂಧ ಎಂದು ಕೇಳುವವರಿಗೆ ಹೇಳುತ್ತೇನೆ. ಗಂಟಲಿನಿಂದ ಬರುವ ಸ್ವರಕ್ಕೆ ರೂಪ ಕೊಡುವುದು ನಾಲಿಗೆ, ತುಟಿ, ದವಡೆ. 'ಈ' ಎನ್ನಲು ನಾಲಿಗೆ ಎದ್ದು ಅಂಗುಳದ ಹತ್ತಿರ ಹೋಗಬೇಕು. ನಾಲಿಗೆಯ ಬುಡ ಕೆಳದವಡೆಗೆ ಕಟ್ಟಿಕೊಂಡದ್ದು, ದವಡೆ ಎಲ್ಲಿಗೆ ಹೋದರೆ ಅದೂ ಅಲ್ಲಿಗೆ. ಮೇಷ್ಟ್ರ ನಾಲಿಗೆ ಮುಂದೆ, ತಗ್ಗಿನಲ್ಲಿ ಹಾಯಾಗಿ ಮಲಗಿರುತ್ತಿತ್ತು, ಏಳುವುದಕ್ಕೆ ಸೋಮಾರಿ. ಹಾಗಾಗಿ ಅವರ 'ಈ' ಅರ್ಧ ದಾರಿಯಲ್ಲಿ ನಿಂತು 'ಏ' ಆಗುತ್ತಿತ್ತು. 'ಆ' ಕೂಡ 'ಏ' ಕಡೆಗೇ ವಾಲುತ್ತಿತ್ತು. 'ಊ' ಎನ್ನಲು ತುಟಿ ಎರಡೂ ಸೇರಿ ದುಂಡಗಾಗಬೇಕಲ್ಲ, ಕೆಳತುಟಿ ಮೇಲಿನದನ್ನು ಬಿಟ್ಟು ಹೊರಟುಹೋಗಿದ್ದರಿಂದ ಅಲ್ಲಿ 'ಓ' ಥರದ್ದೇನೋ ಬರುತ್ತಿತ್ತು. ಕನ್ನಡದಲ್ಲಿ ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ, ಬಾಯಲ್ಲಿ ಬಿಸಿ ಅನ್ನ ಇದೆ ಎಂದುಕೊಂಡು ಕೇಳುತ್ತಿದ್ದರು. ಅರಬ್ಬಿಯ ಕಥೆ ಬೇರೆ, ಅದನ್ನು ಅವರೇ ಒಮ್ಮೆ ಹೇಳಿದ್ದರು. "ನಮ್ಮ ಕನ್ನಡದಲ್ಲಿ ಸ್ವರ ಬೇಕಾದಷ್ಟು ಉಂಟು ಡಾಕ್ಟ್ರಮ್ಮ. ಅಲ್ಲಿ ಮೂರೇ. ಎಳೆದ್ರೆ ಉದ್ದ, ಬಿಟ್ರೆ ಗಿಡ್ಡ. ಮೂರರಲ್ಲಿ ಒಂದು ಜಾರಿದ್ರೂ ಅಂಗಡಿ ಖಾಲಿ."

ನನ್ನ ಸೋದರಮಾವ ಶೃಂಗೇರಿಯಲ್ಲಿ ಮಕ್ಕಳಿಗೆ ವೇದ ಹೇಳಿಕೊಡುವವರು. ಒಂದು ದಿನ ಹುಳುಕು ಹಲ್ಲು ತುಂಬಿಸಿಕೊಳ್ಳಲು ಬಂದವರು ಬೆಂಚಿನಲ್ಲಿ ಮೇಷ್ಟ್ರ ಪಕ್ಕ ಕೂತರು. ನಾನು ಒಳಗಿನ ರೋಗಿಯನ್ನು ಮುಗಿಸಿ ಬರುವಷ್ಟರಲ್ಲಿ ಇಬ್ಬರೂ ಎದುರುಬದುರು ಕೂತು, ಮೂಗಿಗೆ ಮೂಗು ತಾಗುವ ಹಾಗೆ ಬಗ್ಗಿ, ಒಬ್ಬರ ಬಾಯಿಯೊಳಗೆ ಒಬ್ಬರು ನೋಡುತ್ತಿದ್ದರು. ಮೇಷ್ಟ್ರು 'ಆ' ಎಂದರೆ ಮಾವ 'ಆ', ಮಾವ 'ಈ' ಎಂದರೆ ಮೇಷ್ಟ್ರು 'ಏ'. ಇಕಾರ ಅಂಗುಳದಲ್ಲಿ ಹುಟ್ಟಬೇಕು ಎಂದು ಮಾವ, ಹುಟ್ಟುವುದು ಎಲ್ಲಾದರೂ ಇರಲಿ, ಬೆಳೆಯುವುದು ದವಡೆಯಲ್ಲಿ ಎಂದು ಮೇಷ್ಟ್ರು. ಹಲ್ಲಿನ ವಿಷಯವೇ ಮಾವನಿಗೆ ಮರೆತುಹೋಗಿತ್ತು. "ಕೂಸೇ, ಇವರು ಭಾರಿ ಗಟ್ಟಿ ಆಸಾಮಿ. ನಮ್ಮ ಪಾಠದ ಮಾಣಿಗಳಿಗೂ ಒಂದು ಕನ್ನಡಿ ಕೊಡ್ಸಕು," ಎಂದು ಹೇಳಿ ಹಾಗೇ ಬಸ್ಸು ಹತ್ತಿದರು. ಎರಡು ದಿನ ಬಿಟ್ಟು ಅತ್ತೆಯ ಫೋನು. ನಿನ್ನ ಮಾವ ಊಟಕ್ಕೆ ಕೂತರೂ ದವಡೆ ಮುಂದೆ ಇಟ್ಟುಕೊಂಡೇ ಕೂರುತ್ತಾರೆ, ಸಾರು ಎಲ್ಲ ಎದೆಯ ಮೇಲೆ, ಎಂತ ಔಷಧಿ ಕೊಟ್ಟೆ ಮಾರಾಯ್ತಿ, ಎಂದು.

ಇಷ್ಟೆಲ್ಲ ಜಂಬದ ಮೇಷ್ಟ್ರು ಒಂದು ಮಧ್ಯಾಹ್ನ ಸದ್ದಿಲ್ಲದೆ ಬಂದು, ಬೆಂಚಿನಲ್ಲಿ ಕೂರದೆ, ಸೀದಾ ಕುರ್ಚಿ ಹತ್ತಿ ಬಾಯಿ ತೆರೆದರು. ಒಸಡು ಪೂರ್ತಿ ಹೋಗಿತ್ತು. ಹಲ್ಲೆಲ್ಲ ಬೆರಳಿಗೆ ಅಲ್ಲಾಡುತ್ತಿದ್ದವು. ಒಂದೂ ಉಳಿಯುವುದಿಲ್ಲ, ಎಲ್ಲ ತೆಗೆದು ಸೆಟ್ಟು ಕಟ್ಟಬೇಕು ಎಂದೆ. ಬೇರೆಯವರಾದರೆ ಅತ್ತುಬಿಡುತ್ತಾರೆ. ಮೇಷ್ಟ್ರು ಅಳಲಿಲ್ಲ. ಲಲಿತಕ್ಕ ಹೊರಗೆ ಹೋಗುವ ತನಕ ಕಾದು, "ಸೆಟ್ಟು ಕಟ್ಟುವಾಗ ನಿಮಗೆ ಬೇಕಾದ ಹಾಗೆ ಕಟ್ಟಬಹುದಾ? ಎಲ್ಲರಿಗೆ ಇರೋ ಹಾಗೆ? ನೆಟ್ಟಗೆ?" ಎಂದು ಕೇಳಿದರು.

"ನಿಮ್ಮದು ನೆಟ್ಟಗಿದೆ, ನಮ್ಮದೇ ಹಿಂದೆ ಹೋಗಿದ್ದು ಅಂದಿದ್ರಲ್ಲ?" ಎಂದು ಕಿಚಾಯಿಸಿದೆ.

ಅವರು ನಗಲಿಲ್ಲ. ಬಾಯಿ ಮುಕ್ಕಳಿಸುವ ಬೋಗುಣಿಯನ್ನೇ ನೋಡುತ್ತ ಹೇಳಿದರು. ಮೂವತ್ತು ವರ್ಷದ ಹಿಂದೆ ಅವರು ಕೆಲಸಕ್ಕಿದ್ದ ಗಲ್ಫಿನ ಮನೆಯಲ್ಲಿ ಒಂದು ಗಂಡು ಮಗು ಹುಟ್ಟಿತಂತೆ. ತಾಯಿಗೆ ಹುಷಾರಿರಲಿಲ್ಲ, ಮಗು ಬೆಳೆದದ್ದೆಲ್ಲ ಅಡುಗೆಮನೆಯಲ್ಲಿ, ಇವರ ಕಾಲ ಬುಡದಲ್ಲಿ. ತೊದಲು ಮಾತು ಕಲಿತದ್ದು ಇವರ ಬಾಯಿ ನೋಡಿ. ಹಾಲಿಗೆ ಅರಬ್ಬಿಯಲ್ಲಿ 'ಹಲೀಬ್' ಎನ್ನಬೇಕು. ಮಗು 'ಹಲೇಬ್' ಎಂದು, ಪುಟ್ಟ ದವಡೆ ಮುಂದೆ ಮಾಡಿಕೊಂಡು ಲೋಟ ಹಿಡಿದು ಬರುತ್ತಿತ್ತಂತೆ. ಮೊದಮೊದಲು ಮನೆಯವರೆಲ್ಲ ನಕ್ಕರು. ಶಾಲೆಗೆ ಹಾಕಿದ ಮೇಲೆ ಅಲ್ಲಿ ನಕ್ಕರು. ಆಗ ಅಜ್ಜಿ ಇವರನ್ನು ಕರೆದು, ನಿನ್ನ ಬಾಯಿಂದ ಮಗುವಿನ ಬಾಯಿ ಕೆಡುತ್ತಿದೆ, ನೀನು ಊರಿಗೆ ಹೋಗು ಎಂದರು. ಹೊಸ ಪೆಟ್ಟಿಗೆ ಕೊಟ್ಟು, ಕೈಗೆ ಗಡಿಯಾರ ಕಟ್ಟಿ, ಮರ್ಯಾದೆಯಿಂದಲೇ ಕಳಿಸಿದರು.

"ಬೈಲಿಲ್ಲ ಡಾಕ್ಟ್ರಮ್ಮ. ಬೈದಿದ್ರೆ ಚೆನ್ನಾಗಿತ್ತು. ಹೊರಡುವಾಗ ಮಗು ನಿದ್ದೆಯಲ್ಲಿತ್ತು, ಎಬ್ಬಿಸಲಿಕ್ಕೆ ಬಿಡಲಿಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ನೀವು ಓದಿದವರು. ಒಂದು ಹೇಳಿ. ಮಗು ಹಾಗೆ ತಪ್ಪು ದವಡೆಯಲ್ಲಿ ಮಾತು ಕಲಿತ್ರೆ ಅದು ಹಾಗೇ ಉಳೀತದಾ? ನಾನು ಆ ಮಗೂನ ಬಾಯಿ ಜನ್ಮಕ್ಕೆ ಕೆಡಿಸಿದ್ನಾ?"

"ಛೆ, ಇಲ್ಲ ಮೇಷ್ಟ್ರೇ. ಶಾಲೆಗೆ ಹೋದ ಮೇಲೆ ಒಂದೆರಡು ವರ್ಷದಲ್ಲಿ ತಾನಾಗಿ ಸರಿಯಾಗಿರುತ್ತೆ. ಮಕ್ಕಳ ಮಾತು ಹಾಗೇ," ಎಂದೆ, ಪುಸ್ತಕದಲ್ಲಿ ಓದಿದ ಧೈರ್ಯದ ಮೇಲೆ.

"ಖಂಡಿತಾ?"

"ಖಂಡಿತಾ."

ನಿರಾಳವಾಗುತ್ತಾರೆ ಅಂದುಕೊಂಡಿದ್ದೆ. ಅವರು, "ಒಳ್ಳೇದಾಯ್ತು. ಹಂಗಾದ್ರೆ ಅಲ್ಲಿ ನಂದು ಅಂತ ಎಂತದೂ ಉಳಿದಿಲ್ಲ," ಎಂದು ಬಾಯಿ ಮುಕ್ಕಳಿಸಿದರು. ನನಗೆ ಸಂಕಟವಾಯಿತು. ಆದರೂ ಆ ಮಗುವಿನ ಮಾತು ಸರಿಯಾದದ್ದನ್ನು ಅವರಿಗೆ ಕಿವಿಯಾರೆ ಕೇಳಬೇಕಿತ್ತು. ಅಲ್ಲಿಗೆ ಹೋದ ಶಿಷ್ಯನೊಬ್ಬ ಹುಡುಕಿ ಕೊಟ್ಟ ಆ ಮನೆಯ ಫೋನ್ ನಂಬರು ಅವರ ಹತ್ತಿರ ಇತ್ತು. ಈ ಬಾಯಿ ಇಟ್ಟುಕೊಂಡು ಆ ಮನೆಗೆ ಹೇಗೆ ಮಾತಾಡಲಿ ಎಂಬ ನಾಚಿಕೆಗೆ ಫೋನು ಮಾಡಿರಲಿಲ್ಲ. ನೆಟ್ಟಗೆ ಒಂದು ಬಾಯಿ ಸಿಕ್ಕಿದರೆ ಕೇಳುತ್ತೇನೆ ಎಂದರು.

ಹಲ್ಲು ಕಿತ್ತು, ಒಸಡು ಮಾಗಿ, ಅಳತೆ ತೆಗೆದದ್ದಾಯಿತು. ದವಡೆಯ ಎಲುಬನ್ನು ನಾನು ಹಿಂದೆ ತಳ್ಳಲಾರೆ, ಆದರೆ ಮೇಲಿನ ಸಾಲಿನ ಹಲ್ಲನ್ನು ಮುಂದೆ ತಂದು ಕೆಳಗಿನದಕ್ಕೆ ಸಮ ಕೂರಿಸಬಹುದು. ಅದೂ ಸುಲಭವಲ್ಲ. ಮೊದಲು ಮೇಣದಲ್ಲಿ ಹಲ್ಲು ಜೋಡಿಸಿ ಬಾಯಿಗೆ ಇಟ್ಟು ನೋಡಬೇಕು. ಮೇಷ್ಟ್ರಿಗೆ ಅಗಿಯುವುದು, ನಗುವುದು ಯಾವುದೂ ಬೇಡ, ಮೂರು ಸ್ವರ ಸರಿ ಬರಬೇಕು ಅಷ್ಟೇ. ಕುರ್ಚಿಯಲ್ಲಿ ಕೂತು "ಆ... ಈ... ಊ..." ಎಂದು ಗಂಟಲು ಹರಿಯುವ ಹಾಗೆ ಕೂಗುವರು. ಸರಿಯಿಲ್ಲ ಎಂದು ತೆಗೆದು ಕೈಗೆ ಕೊಡುವರು. ನಾನು ಒಂದು ಹಲ್ಲು ಹಿಂದೆ ಸರಿಸುವುದು, ಅವರು ಮತ್ತೆ "ಆ..." ಎನ್ನುವುದು. ಹೊರಗೆ ಸರದಿಯಲ್ಲಿದ್ದವರು ಅದನ್ನು ಕೇಳಿ, ನಮ್ಮ ಹಲ್ಲುನೋವು ಈಗ ಕಡಿಮೆ ಉಂಟು ಎಂದು ಲಲಿತಕ್ಕನಿಗೆ ಹೇಳಿ ಎದ್ದು ಹೋದರು. ಆ ವಾರ ನನಗೆ ಬೇರೆ ರೋಗಿಗಳೇ ಇರಲಿಲ್ಲ.

ಕೊನೆಗೂ ಸೆಟ್ಟು ಸಿದ್ಧವಾಯಿತು. ನನ್ನ ಕೈಯಿಂದ ಅಷ್ಟು ಚೆಂದದ ಸೆಟ್ಟು ಅದಕ್ಕೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಿಲ್ಲ. ಮೇಷ್ಟ್ರ ಮುಖವೇ ಬದಲಾಗಿ, ಯಾವುದೋ ಬ್ಯಾಂಕಿನ ಮ್ಯಾನೇಜರರ ಹಾಗೆ ಕಂಡರು. 'ಈ' ಎಂದರೆ 'ಈ'. 'ಊ' ಎಂದರೆ 'ಊ'. ನಾನು ಹೆಮ್ಮೆಯಿಂದ ಕಳಿಸಿಕೊಟ್ಟೆ.

ಮನೆಗೆ ಹೋಗಿ ಬಾಗಿಲು ತಟ್ಟಿ, "ನಾನು, ತೆಗಿ," ಎಂದರಂತೆ. ಒಳಗಿನಿಂದ ಹೆಂಡತಿ, "ಅವರು ಮನೆಯಲ್ಲಿ ಇಲ್ಲ, ಸಂಜೆ ಬನ್ನಿ," ಎಂದರಂತೆ. ನಾನೇ ಎಂದು ಇವರು ಎಷ್ಟು ಹೇಳಿದರೂ ಅಷ್ಟಷ್ಟೂ ಗಾಬರಿಯಾಗಿ ಆಕೆ ಅಗಳಿ ಬಿಗಿ ಮಾಡಿದರು. ಪಾಠದಲ್ಲಿ ಇನ್ನೂ ಮೋಜು. ಶಿಷ್ಯರು ಒಂದು ತಾಸು ಕೇಳಿ, ತಮ್ಮತಮ್ಮಲ್ಲೇ ಪಿಸುಗುಟ್ಟಿ, ಕೊನೆಗೆ ಆ ಎ.ಸಿ. ಹುಡುಗನನ್ನು ಮುಂದೆ ದೂಡಿದರು. "ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ಹಲ್ಲಿನ ಜೊತೆ ನಿಮ್ಮ ಅರಬ್ಬಿನೂ ಹೋಯ್ತಾ ಅಂತ," ಎಂದ. ಮೇಷ್ಟ್ರು ಬಂದು ನನ್ನ ಮೇಲೆ ಹರಿಹಾಯ್ದರು. ನಾನೇನು ಮಾಡಲಿ? ಸರಿಯಾದದ್ದನ್ನು ಕೇಳಿ ಊರಿಗೆ ಅಭ್ಯಾಸವೇ ಇರಲಿಲ್ಲ.

ಒಂದು ಶುಕ್ರವಾರ, ಅಲ್ಲಿ ರಜಾ ದಿನ, ಎಲ್ಲರೂ ಮನೆಯಲ್ಲಿರುತ್ತಾರೆ ಎಂದು ಲೆಕ್ಕ ಹಾಕಿ ಮೇಷ್ಟ್ರು ಬಸ್‌ ಸ್ಟ್ಯಾಂಡಿನ ಎಸ್.ಟಿ.ಡಿ. ಬೂತಿಗೆ ಹೊರಟರು. ಮಾತಿನ ನಡುವೆ ಸೆಟ್ಟು ಸಡಿಲಾದರೆ ಎಂದು ನನ್ನನ್ನೂ ಎಳೆದುಕೊಂಡು ಹೋದರು. ಗಾಜಿನ ಗೂಡಿನಲ್ಲಿ ಇಬ್ಬರು ಹಿಡಿಸುವುದಿಲ್ಲ, ನಾನು ಬಾಗಿಲು ಅರ್ಧ ತೆಗೆದು ಹಿಡಿದು ನಿಂತೆ. ಬೂತಿನವನು ಪರದೇಶದ ಮಾತು ಸರಿಯಾಗಿ ಕೇಳಲಿ ಎಂದು ರಿಸೀವರಿನ ಸದ್ದು ಏರಿಸಿಟ್ಟಿದ್ದ, ಪಕ್ಕದ ಹಣ್ಣಿನ ಅಂಗಡಿಗೂ ಕೇಳುತ್ತಿತ್ತು.

ಆ ಕಡೆ ಒಬ್ಬ ಹೆಂಗಸು ಎತ್ತಿದರು. ಮೇಷ್ಟ್ರು ಒಂದೊಂದೇ ಸ್ವರವನ್ನು ತೂಗಿ ತೂಗಿ, ಮದುವೆ ಮನೆಯಲ್ಲಿ ಬೆಳ್ಳಿ ಲೋಟ ಇಡುವ ಹಾಗೆ ಇಟ್ಟು ಮಾತಾಡಿದರು. ಆ ಕಡೆಯ ಸ್ವರ ಬಿಗಿಯಾಯಿತು, ಜೋರಾಯಿತು. ಫೋನು ಇಟ್ಟೇಬಿಟ್ಟರು.

"ಎಂತ ಆಯ್ತು?"

"ಆ ಮಗೂನ ತಾಯಿ," ಎಂದರು ಮೇಷ್ಟ್ರು. "ನಾನು ನಿಮ್ಮ ಅಡುಗೆಯವ ಅಂದೆ. ಸುಳ್ಳು ಅಂದ್ರು. ನಮ್ಮ ಅಡುಗೆಯವ ಹೀಗೆ ಮಾತಾಡ್ತಿರ್ಲಿಲ್ಲ, ನೀನು ಯಾರೋ ಮೋಸಗಾರ ಅಂದ್ರು."

ಅಷ್ಟು ವರ್ಷ ಕಾದ ಮನುಷ್ಯ. ನನ್ನ ಚೆಂದದ ಸೆಟ್ಟಿನ ಮೇಲೆ ನನಗೇ ಸಿಟ್ಟು ನೆತ್ತಿಗೇರಿತು. "ತೆಗೀರಿ ಅದನ್ನ," ಎಂದೆ.

"ಎಂತದ್ದನ್ನ?"

"ಹಲ್ಲು. ತೆಗೀರಿ. ಇಲ್ಲಿ ಕೊಡಿ."

ಮೇಲಿನದ್ದು, ಕೆಳಗಿನದ್ದು ಎರಡನ್ನೂ ತೆಗೆದು ನನ್ನ ಕೈಗೆ ಇಟ್ಟರು. ತಡೆಯುವುದಕ್ಕೆ ಹಲ್ಲಿಲ್ಲದೆ ಆ ದವಡೆ ಮೊದಲಿಗಿಂತಲೂ ಮುಂದೆ ಬಂದು, ಗಾಜಿಗೆ ತಾಗುವ ಹಾಗೆ ನಿಂತಿತು. ನರಸಿಂಹರಾಜಪುರದ ಬಸ್‌ ಸ್ಟ್ಯಾಂಡಿನಲ್ಲಿ, ನನ್ನ ಅರ್ಧಕ್ಕರ್ಧ ರೋಗಿಗಳು ಓಡಾಡುವ ಜಾಗದಲ್ಲಿ, ಎರಡು ಸಾಲು ಹಲ್ಲು ಅಂಗೈಯಲ್ಲಿ ಹಿಡಿದು ನಿಂತೆ. ಕೊಪ್ಪದ ಬಸ್ಸಿನ ಕಂಡಕ್ಟರು ಕಿಟಕಿಯಿಂದ ನೋಡಿ ನಮಸ್ಕಾರ ಹೇಳಿದ. ಹಲ್ಲಿದ್ದ ಕೈಯಲ್ಲೇ ನಮಸ್ಕಾರ ಹೇಳಿದೆ.

ಮೇಷ್ಟ್ರು ಮತ್ತೆ ನಂಬರು ಒತ್ತಿಸಿದರು. ಅದೇ ಹೆಂಗಸು. ಇವರು ಎರಡು ಮಾತು ಆಡಿದರೋ ಇಲ್ಲವೋ, ಆ ಕಡೆ ಒಂದು ಕೂಗು. ಆಕೆ ಮನೆಯಲ್ಲಿದ್ದವರನ್ನೆಲ್ಲ ಕರೆಯುತ್ತಿದ್ದರು. ಯಾರೋ ಓಡಿ ಬಂದ ಸದ್ದು, ರಿಸೀವರು ಕಿತ್ತುಕೊಂಡ ಸದ್ದು, ಒಬ್ಬ ಗಂಡಸಿನ ಸ್ವರ.

ನನಗೆ ಅರಬ್ಬಿಯ ಒಂದಕ್ಷರ ಗೊತ್ತಿಲ್ಲ. ಆದರೆ ತಿಂಗಳುಗಟ್ಟಲೆ ಆ ಬಾಯಿಗೆ ಹಲ್ಲು ಹೊಂದಿಸಿದವಳು ನಾನು. ಆ ಗಂಡಸು ಮಾತು ಶುರು ಮಾಡಿದ್ದೇ ನಾನು ಗೂಡಿನೊಳಗೆ ತಲೆ ತೂರಿಸಿದೆ. ಅವನ 'ಆ' ಕೂಡ 'ಏ' ಕಡೆಗೆ ವಾಲುತ್ತಿತ್ತು. 'ಈ' ಅರ್ಧ ದಾರಿಯಲ್ಲಿ ನಿಲ್ಲುತ್ತಿತ್ತು. ದಪ್ಪ ಸ್ವರದ, ದೊಡ್ಡ ಗಂಡಾಳು, ಒಂದೇ ಉಸಿರಿಗೆ ಏನೇನೋ ಹೇಳುತ್ತಿದ್ದಾನೆ, ಮೇಷ್ಟ್ರು ಗಾಜಿಗೆ ಹಣೆ ಒತ್ತಿ ಕೇಳುತ್ತಿದ್ದಾರೆ. ಆಮೇಲೆ ಅವನು ಯಾರಿಗೋ ಫೋನು ಕೊಟ್ಟ. ಒಂದು ಎಳೆಯ ಸ್ವರ ಬಂತು, ಅದರ ಹಿಂದೆ ಇನ್ನೂ ಎಳೆಯದು ಒಂದು. ಎರಡೂ ಸಲಾಂ ಹೇಳಿದವು. ಅದೂ ಹಾಗೇ ವಾಲಿದ ಸಲಾಂ.

ಮೇಷ್ಟ್ರು ಹೊರಗೆ ಬಂದಾಗ ಕಣ್ಣೀರು ಗಲ್ಲದ ತನಕ ಇಳಿದು ಕೆಳತುಟಿಯಲ್ಲಿ ನಿಂತಿತ್ತು. ನಾನು ಹಲ್ಲು ಮುಂದೆ ಚಾಚಿದೆ. ಅವರು ಅದನ್ನು ನೋಡಲೂ ಇಲ್ಲ. ನನ್ನ ಎರಡೂ ಕೈಯನ್ನು ಹಲ್ಲಿನ ಸಮೇತ ಹಿಡಿದುಕೊಂಡು, ಬೋಳು ಬಾಯಿ ತುಂಬ ನಗುತ್ತ, ಇಡೀ ಬಸ್‌ ಸ್ಟ್ಯಾಂಡಿಗೆ ಕೇಳುವ ಹಾಗೆ ಕೂಗಿದರು.

"ಕೆಟ್ಟಿದೆ ಡಾಕ್ಟ್ರಮ್ಮ, ಪೂರ್ತಿ ಕೆಟ್ಟಿದೆ! ಅವನ ಮಕ್ಕಳ ತನಕ ಕೆಟ್ಟಿದೆ!"